ಇನ್ನೂ ಬಂದಿಲ್ಲ

ನಮ್ಮ ಮಾವನವರ ಬಾಯಿಂದ 'ಬಂತು' ಎಂಬ ಮಾತು ಹೊರಡಿಸುವುದು ಕಲ್ಲಿನಿಂದ ನಾರು ತೆಗೆದಂತೆ. ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯೊಂದರಲ್ಲಿ ಬಹಳ ವರ್ಷ ಮೇಸ್ತ್ರಿಯಾಗಿದ್ದವರು ಅವರು. ಕೆಂಪು ಕಲ್ಲಿನ ಹಲಗೆ ಮಷೀನಿನ ಕೆಳಗಿಂದ ಹೊರಬಂದ ಮೇಲೆ ಅದರ ತುದಿಯಲ್ಲಿ ಬಗ್ಗಿ ನಿಂತು, ಮೇಲೆ ಉರಿಯುವ ಟ್ಯೂಬ್‌ಲೈಟು ಕಲ್ಲಿನೊಳಗೆ ಹೇಗೆ ಕಾಣುತ್ತದೆ ಎಂದು ನೋಡುವರು. ಟ್ಯೂಬಿನ ಅಂಚು ಗೆರೆ ಎಳೆದಂತೆ ಕಂಡರೆ ಹೊಳಪು 'ಬಂತು'. ಚೂರು ಮಸುಕಾದರೂ 'ಇನ್ನೂ ಬಂದಿಲ್ಲ, ಇನ್ನೊಂದು ಕೈ ಹೊಡೀರಿ'. ಅವರು 'ಬಂತು' ಅನ್ನದ ಕಲ್ಲು ಗೇಟು ದಾಟುತ್ತಿರಲಿಲ್ಲ. ಲಾರಿ ಬಂದು ನಿಂತಿರಲಿ, ಸ್ವತಃ ಮಾಲೀಕನೇ ಬಂದು ಕೈ ಮುಗಿಯಲಿ, ಕಲ್ಲು ಮತ್ತೆ ಮಷೀನಿನ ಕೆಳಗೇ ಹೋಗುತ್ತಿತ್ತು.

ನಿವೃತ್ತರಾದ ಮೇಲೆ ಕಲ್ಲು ಬಿಟ್ಟರು, ಚಾಳಿ ಬಿಡಲಿಲ್ಲ. ನಾನು ಸೊಸೆಯಾಗಿ ಬಂದಾಗಿನಿಂದ ನನ್ನ ರೊಟ್ಟಿ, ನನ್ನ ಎಣಗಾಯಿ ಪಲ್ಯ, ಅಂಗಳದ ರಂಗೋಲಿ, ಎಲ್ಲವೂ ಅವರ ಟ್ಯೂಬ್‌ಲೈಟಿನ ಕೆಳಗೆ ಹಾದು ಹೋಗಬೇಕು. ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ್ದೂ ಉಂಟು. 'ಅಡ್ಡಿ ಇಲ್ಲ' ಅನ್ನುವುದೇ ಅವರ ಪ್ರಶಂಸೆಯ ಶಿಖರ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ದಿನವಿಡೀ ಮಂದಿ ಮಕ್ಕಳಿಗೆ ಅಂಕ ಹಾಕಿ ಮನೆಗೆ ಬಂದರೆ ಸಂಜೆ ನನಗೇ ಅಂಕ. ಮೈ ಉರಿಯದೆ ಇನ್ನೇನು ಮಾಡೀತು? ಆದರೆ ಉರಿದದ್ದನ್ನು ಹೇಳುವ ಹಾಗಿಲ್ಲ. 'ಹೂಂರಿ ಮಾವಾರ' ಅಂದು ಒಳಗೆ ಹೋಗಿ ಪಾತ್ರೆ ಕುಕ್ಕುವುದಷ್ಟೇ ನನ್ನ ಪಾಲಿನ ಸ್ವಾತಂತ್ರ್ಯ.

ಅವರದೊಂದು ಹಳೇ ಕಾರಿದೆ. ದಪ್ಪ ಮೈಯ ಗಾಡಿ, ಬಣ್ಣ ಥೇಟ್ ಇಳಕಲ್ಲಿನ ಕಲ್ಲಿನದೇ ಕಡುಗೆಂಪು. ಆ ಬಣ್ಣ ನೋಡಿಯೇ ಅದನ್ನು ಕೊಂಡದ್ದಂತೆ. ಅದರ ಸ್ಟೇರಿಂಗನ್ನು ಬೇರೆ ಯಾರೂ ಮುಟ್ಟಿಲ್ಲ. ನನಗೆ ನಮ್ಮ ಸಣ್ಣ ಕಾರು ಓಡಿಸಲು ಬರುತ್ತದೆ, ನಮ್ಮ ಮನೆಯವರಿಗೂ ಬರುತ್ತದೆ, ಆದರೆ ಇದರಲ್ಲಿ ನಾವಿಬ್ಬರೂ ಬರಿ ಪ್ರಯಾಣಿಕರು. ವರ್ಷದಿಂದೀಚೆ ಅದು ಪೋರ್ಚಿನಲ್ಲಿ ತಾಡಪತ್ರಿ ಹೊದ್ದು ನಿಂತದ್ದೇ ಹೆಚ್ಚು. ತುಳಸಿಗೇರಿ ಹಣಮಪ್ಪನ ಗುಡಿಗೆ ಹೋಗಿ ಬಂದದ್ದೇ ಅದರ ಕೊನೆಯ ದೊಡ್ಡ ಓಟ. ಆಗಲೂ ವಾಪಸು ಬರುವಾಗ ಯಾಕೋ ಭಾರಿ ನಿಧಾನ ಓಡಿಸಿದರು. ವಯಸ್ಸಾಯಿತು ಅಂದುಕೊಂಡೆವು.

ಹೀಗಿರುವಾಗ ಬಾಗಲಕೋಟೆಯ ನವನಗರದ ಮೈದಾನದಲ್ಲಿ ಒಂದು ಐತವಾರ ಸುತ್ತಲಿನ ಹಳೇ ಗಾಡಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ತೋರಿಸುತ್ತಾರೆ ಎಂಬ ಸುದ್ದಿ ಬಂತು. ಮಾವನವರು ಕುರ್ಚಿಯಿಂದ ಎದ್ದೇ ಬಿಟ್ಟರು.

"ನಮ್ಮ ಗಾಡಿ ಹೋಗಬೇಕು. ನಾನಽ ಹೊಡಕೊಂಡು ಹೋಗಾಂವ. ಆದ್ರ ಕಲ್ಲಿಗೆ ಬಂದಂಥ ಹೊಳಪು ಬರಬೇಕು ನೋಡು ತಂಗಿ, ಟ್ಯೂಬ್ ಕಾಣಬೇಕು."

ಹೇಳಿದ್ದು ನನಗೆ. ಅವರ ಕೈ ನಡುಗುತ್ತದೆ. ಅವರ ಮಗ, ಅಂದರೆ ನಮ್ಮ ಮನೆಯವರು, ಬಾದಾಮಿಯ ಬ್ಯಾಂಕೊಂದರಲ್ಲಿ ನೌಕರಿಯಲ್ಲಿದ್ದು ಶನಿವಾರ ಸಂಜೆ ಮನೆ ಸೇರುವವರು. ಅಲ್ಲದೆ ಮಗ ಗಾಡಿ ತೊಳೆಯುವುದು ಎಮ್ಮೆ ಮೈ ತೊಳೆದಂತೆ ಎಂದು ಅವರ ತೀರ್ಮಾನ. ಅದು ಸುಳ್ಳೂ ಅಲ್ಲ. ನಾನು ಒಪ್ಪಿಕೊಂಡೆ. ಒಪ್ಪಿದ್ದು ಭಕ್ತಿಯಿಂದಲ್ಲ, ಹಟದಿಂದ. ರೊಟ್ಟಿಯಲ್ಲಿ ಸಿಗದ 'ಬಂತು' ಎಂಬ ಮಾತನ್ನು ಈ ಗಾಡಿಯ ಬಾನೆಟ್ಟಿನ ಮೇಲಾದರೂ ಅವರಿಂದ ಅನ್ನಿಸಿಯೇ ತೀರುತ್ತೇನೆ ಎಂದು ಸೆರಗು ಸಿಕ್ಕಿಸಿದೆ.

ಗಾಡಿ ತೊಳೆಯುವುದೆಂದರೆ ಪೈಪು ಹಿಡಿದು ನೀರು ಹೊಡೆಯುವುದು ಎಂದು ತಿಳಿದವರಿಗೆ ನನ್ನ ನಮಸ್ಕಾರ. ಇಳಕಲ್ಲಿನ ಗಾಳಿಯಲ್ಲೇ ಕಲ್ಲಿನ ಪುಡಿ ಇದೆ. ಆ ದೂಳು ಮೈಮೇಲೆ ಇರುವಾಗ ಒಣ ಬಟ್ಟೆ ಎಳೆದಿರೋ, ಮರಳುಕಾಗದ ಉಜ್ಜಿದ ಹಾಗೆ ಗೀರು ಬೀಳುತ್ತದೆ. ಅದಕ್ಕೆ ಮೊದಲು ಬರಿ ನೀರಿನಿಂದ ದೂಳು ಇಳಿಸಬೇಕು. ಆಮೇಲೆ ಎರಡು ಬಕೆಟ್ಟು ಇಟ್ಟುಕೊಳ್ಳಬೇಕು, ಒಂದರಲ್ಲಿ ಶಾಂಪೂ ನೀರು, ಇನ್ನೊಂದು ಬಟ್ಟೆ ಜಾಲಿಸಲಿಕ್ಕೆ. ಮೇಲಿನಿಂದ ಕೆಳಗೆ ಬರಬೇಕು. ಇದೆಲ್ಲ ಮೊಬೈಲಿನಲ್ಲಿ ನೋಡಿ ಕಲಿತೆ. ಆದರೆ ಮೊಬೈಲಿನವರಿಗೆ ನಮ್ಮ ಬೋರಿನ ನೀರು ಗೊತ್ತಿಲ್ಲ. ಸವಳು ನೀರು, ಒಣಗಿದ ಕೂಡಲೇ ಮೈತುಂಬ ಬಿಳಿ ಚುಕ್ಕಿ, ಸಿಡುಬು ಎದ್ದಂತೆ. ಕಡೆಗೆ ಕುಡಿಯುವ ನೀರಿನ ಕ್ಯಾನು ತರಿಸಿ ಕೊನೆಯ ಸಲ ಅದರಿಂದ ತೊಳೆದೆ. ಪಕ್ಕದ ಮನೆಯಾಕೆ ಕಾಂಪೌಂಡಿನಿಂದ ಇಣುಕಿ, "ಏನ್ರಿ ಟೀಚರ, ಮಂದಿಗೆ ಬೋರಿನ ನೀರು, ಗಾಡಿಗೆ ಫಿಲ್ಟರ್ ನೀರೇನು?" ಎಂದಳು. ನಗಲಿಕ್ಕೂ ನನಗೆ ಪುರುಸೊತ್ತಿರಲಿಲ್ಲ.

ಫೋನಿನಲ್ಲಿ ನಮ್ಮ ಮನೆಯವರ ಹತ್ತಿರ ನೀರನ್ನು ಬೈದರೆ, "ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ" ಎಂದು ನಕ್ಕರು. ಫೋನು ಕಟ್ ಮಾಡಿದೆ.

ತೊಳೆದ ಮೇಲೆ ಕಣಕದ ಉಂಡೆಯಂಥ ಮೆತ್ತನೆಯ ಜೇಡಿ ಹಿಡಿದು ಮೈಯೆಲ್ಲ ಸವರಿ, ಅಂಟಿಕೊಂಡ ಕೊಳೆಯನ್ನು ಕಿತ್ತೆ. ಬಾಡಿಗೆಗೆ ತಂದ ಪಾಲಿಶ್ ಮಷೀನಿಗೆ ಉಣ್ಣೆಯ ಪ್ಯಾಡು ಹಾಕಿ, ಕಾಂಪೌಂಡ್ ಎಂಬ ಒರಟು ಮುಲಾಮು ಹಚ್ಚಿ ತಿರುಗಿಸಿದೆ. ಗೀರುಗಳು ಹೋದವು. ಆಮೇಲೆ ಸ್ಪಂಜಿನ ಪ್ಯಾಡು, ನುಣುಪು ಪಾಲಿಶ್. ಕಡೆಗೆ ಮೇಣ. ಮೇಣವನ್ನು ತೆಳ್ಳಗೆ ಸವರಿ, ಅದು ಬೆಳ್ಳಗಾಗುವ ತನಕ ಬಿಟ್ಟು, ಮೆತ್ತನೆಯ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಒರೆಸುತ್ತ ಹೋದಂತೆ ಬಟ್ಟೆಯ ಹಿಂದೆಯೇ ಕೆಂಪು ಬಣ್ಣ ಎದ್ದು ಬರುತ್ತಿತ್ತು. ಬೆನ್ನು ಮುರಿದು ಹೋಗಿತ್ತು, ಆದರೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಪೋರ್ಚಿನ ಟ್ಯೂಬ್‌ಲೈಟು ಬಾನೆಟ್ಟಿನೊಳಗೆ ಕಡ್ಡಿಯ ಹಾಗೆ ನೆಟ್ಟಗೆ ಬಿದ್ದಿತ್ತು.

ಮಾವನವರು ಬಂದರು. ಕಾರ್ಖಾನೆಯಲ್ಲಿ ನಿಲ್ಲುತ್ತಿದ್ದ ಹಾಗೆ ಬಾನೆಟ್ಟಿನ ತುದಿಯಲ್ಲಿ ಬಗ್ಗಿದರು.

"ಇನ್ನೂ ಬಂದಿಲ್ಲ."

"ಟ್ಯೂಬ್ ಕಾಣಾಕತ್ತೈತಲ್ರಿ ಮಾವಾರ."

"ಕಾಣ್ತೈತಿ. ಮಸುಕು ಐತಿ. ಅಂಚು ಬಂದಿಲ್ಲ. ಇನ್ನೊಂದು ಕೈ ಹೊಡಿ."

ಮರುದಿನ ಸಾಲೆಯಿಂದ ಬಂದು ಇನ್ನೊಂದು ಕೈ ಹೊಡೆದೆ. ಇನ್ನೂ ಬಂದಿಲ್ಲ. ಅದರ ಮರುದಿನ ಮತ್ತೊಂದು ಕೈ. ಇನ್ನೂ ಬಂದಿಲ್ಲ. ಸೇಂಗಾ ಕಡ ಕೇಳಲು ಬಂದ ಪಕ್ಕದ ಮನೆಯಾಕೆ ಗಾಡಿಯ ಬಾಗಿಲಿನಲ್ಲೇ ಮುಖ ನೋಡಿಕೊಂಡು ಹಣೆಯ ಕುಂಕುಮ ಸರಿಮಾಡಿಕೊಂಡಳು. ಆಕೆಗೆ ಕಂಡದ್ದು ಈ ಮೇಸ್ತ್ರಿಗೆ ಕಾಣುವುದಿಲ್ಲವೆಂದರೆ ಏನರ್ಥ? ಬೇಕೆಂದೇ ಹೀಗೆ ಮಾಡುತ್ತಾರೆ, ಸೊಸೆಗೆ 'ಬಂತು' ಅಂದರೆ ಅವರ ಗಂಟೇನೋ ಕರಗುತ್ತದೆ ಎಂದುಕೊಂಡೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ, ಮಾವನ ಕಾಲ ಮುಗಿಯುವುದು ಯಾವಾಗ ಎಂದು ಗಾದೆ ಕಟ್ಟಿದವರು ಹೇಳಿಲ್ಲ.

ಇನ್ನೊಂದು ಸಂಕಟವಿತ್ತು. ಅದನ್ನು ತಿಳಿಸಿ ಹೇಳಲು ನೋಡಿದೆ.

"ಮಾವಾರ, ಕಲ್ಲು ಎಷ್ಟು ತಿಕ್ಕಿದ್ರೂ ಕೆಳಗ ಕಲ್ಲಽ ಇರತೈತ್ರಿ. ಗಾಡಿಗೆ ಮ್ಯಾಲೊಂದು ತೆಳ್ಳನ ಬಣ್ಣ ಅಷ್ಟ. ಭಾಳ ತಿಕ್ಕಿದ್ರ ಬಣ್ಣಾನಽ ಹೋಗತೈತಿ. ನೋಡ್ರಿ, ಪ್ಯಾಡಿಗೆ ಕೆಂಪು ಹತ್ತಾಕತ್ತೈತಿ."

"ತಿಕ್ಕಿದಷ್ಟೂ ಬರ್ತೈತಿ ತಂಗಿ. ನನಗ ಹೇಳಾಕ ಬರಬ್ಯಾಡ. ನಾ ಎಷ್ಟು ಕಲ್ಲು ತಿಕ್ಕಿಸೀನಿ."

ಕಲ್ಲು ತಿಕ್ಕುವ ಊರಿನಲ್ಲಿ ತಿಕ್ಕಿದರೆ ಹೊಳಪು ಬರುತ್ತದೆ ಎಂಬುದು ವೇದವಾಕ್ಯ. ಇಲ್ಲಿ ಯಾರಿಗೆ ಕೇಳಿದರೂ ಅದನ್ನೇ ಹೇಳಿಯಾರು. ನಾನು ಬಾಯಿ ಮುಚ್ಚಿಕೊಂಡು ಮತ್ತೆ ಮಷೀನು ಹಿಡಿದೆ.

ಗುರುವಾರ ಅದು ಆಗಿಯೇ ಹೋಯಿತು. ಆ ದಿನ ಸಾಲೆಯಲ್ಲೂ ತಲೆ ಕೆಟ್ಟಿತ್ತು. ಬಾನೆಟ್ಟಿನ ನಡುವಿನ ಉಬ್ಬಿನ ಮೇಲೆ ಮಷೀನು ಒತ್ತಿ ಹಿಡಿದು, 'ಬರ್ತೀಯೋ ಇಲ್ಲೋ, ಬರ್ತೀಯೋ ಇಲ್ಲೋ' ಎಂದು ಹಲ್ಲು ಕಚ್ಚಿ ತಿರುಗಿಸುತ್ತಿದ್ದೆ. ಬೈಯುತ್ತಿದ್ದದ್ದು ಗಾಡಿಗೋ ಅವರಿಗೋ ನನಗೇ ಗೊತ್ತಿರಲಿಲ್ಲ. ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಮಷೀನು ಎತ್ತಿದರೆ ಅಂಗೈಯಗಲ ಜಾಗದಲ್ಲಿ ಬಣ್ಣವೇ ಇಲ್ಲ. ಕೆಂಪಿನ ನಡುವೆ ಬಣ್ಣದಡಿಯ ಬೂದು ಪ್ರೈಮರು ಬೋಳುತಲೆಯ ಹಾಗೆ ಕಾಣುತ್ತಿತ್ತು. ಇಷ್ಟು ವರ್ಷ ಮಗುವಿನಂತೆ ಇಟ್ಟುಕೊಂಡ ಗಾಡಿ. ಈಗ ಬಂದು ನೋಡುತ್ತಾರೆ, ಇವತ್ತು ಮನೆಯ ಹಂಚು ಹಾರುತ್ತದೆ ಎಂದು ಬಟ್ಟೆಯನ್ನು ಹಿಂಡುತ್ತ ನಿಂತೆ. ಮುಚ್ಚಿಡುವ ಜಾತಿಯವಳಲ್ಲ ನಾನು. ಬೈಯಲಿ, ನಾನೂ ಇವತ್ತು ನಾಲ್ಕು ಮಾತು ಆಡಿಯೇ ಬಿಡುತ್ತೇನೆ ಎಂದೂ ಒಳಗೊಳಗೇ ತಯಾರಾಗಿದ್ದೆ.

ಮಾವನವರು ಬಂದರು. ಬಗ್ಗಿದರು. ಅವರ ಮುಖ ಸರಿಯಾಗಿ ಆ ಬೋಳು ಜಾಗದ ಮೇಲೆಯೇ ಇತ್ತು. ಆ ಕಡೆ ಹೋಗಿ ನೋಡಿದರು, ಈ ಕಡೆ ಬಂದು ನೋಡಿದರು.

"ಮಸುಕು ಐತಿ. ಎಲ್ಲಾ ಕಡೆ ಒಂದ ಸಮ ಮಸುಕು ಐತಿ. ನಾಳೆ ಇನ್ನೊಂದು ಕೈ ಹೊಡಿ," ಎಂದು ಒಳಗೆ ಹೋದರು.

ಬದುಕಿದೆ ಅನ್ನಿಸಿತು ಮೊದಲಿಗೆ. ಒಳಗೆ ಹೋಗಿ ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂತೆ. ಬಡಿಯುತ್ತ ಬಡಿಯುತ್ತ ಕೈ ನಿಂತಿತು. ಕಾರ್ಖಾನೆಯಲ್ಲಿ ಆ ತುದಿಗೆ ನಿಂತು ಈ ತುದಿಯ ಕಲ್ಲಿನಲ್ಲಿ ಕೂದಲೆಳೆಯಂಥ ಬಿರುಕು ಹಿಡಿದವರು ಎಂದು ಅವರ ಬಗ್ಗೆ ಊರೇ ಹೇಳುತ್ತದೆ. ಅಂಗೈಯಗಲ ಬೂದು ಕಲೆ ಅವರಿಗೆ ಕಾಣಲಿಲ್ಲ.

ಆಮೇಲೆ ಒಂದೊಂದೇ ನೆನಪಾದವು. ಲಿಂಗಪೂಜೆ ಮುಗಿಸಿ ಬಂದಾಗ ಹಣೆಯ ವಿಭೂತಿ ಇತ್ತೀಚೆಗೆ ಡೊಂಕಾಗಿರುತ್ತಿತ್ತು. ಸಾಸರಿಗೆ ಸುರಿದುಕೊಳ್ಳುವ ಚಹಾ ಸಾಸರಿನ ಹೊರಗೆ ಬೀಳುತ್ತಿತ್ತು, ಕೈ ನಡುಕ ಅಂದುಕೊಂಡಿದ್ದೆ. 'ಪೇಪರಿನ್ಯಾಗ ಏನೈತಿ ಹೊಲಸು' ಎಂದು ಓದುವುದನ್ನೇ ಬಿಟ್ಟಿದ್ದರು. ತುಳಸಿಗೇರಿಯಿಂದ ಬರುವಾಗಿನ ಆ ನಿಧಾನ. ಮಸುಕು ಇದ್ದದ್ದು ಬಾನೆಟ್ಟಿನ ಮೇಲಲ್ಲ. ಹಂಚಿನ ಮೇಲಿನ ರೊಟ್ಟಿ ಕರಿದಾಗುತ್ತಿದ್ದರೂ ನನಗೆ ತಿರುವಿ ಹಾಕಲು ತೋಚಲಿಲ್ಲ. ಈ ಮನುಷ್ಯ ಐತವಾರ ಹುನಗುಂದದ ಹೆದ್ದಾರಿ ಹಿಡಿದು ಬಾಗಲಕೋಟೆಯ ತನಕ ತಾನೇ ಗಾಡಿ ಓಡಿಸುತ್ತೇನೆ ಅನ್ನುತ್ತಿದ್ದಾರೆ. ಆ ದಾರಿಯಲ್ಲಿ ಕಲ್ಲು ಹೇರಿದ ಲಾರಿಗಳು ಹೇಗೆ ಬರುತ್ತವೆ ಎಂದು ಇಳಕಲ್ಲಿನವರಿಗೆ ಬೇರೆ ಹೇಳಬೇಕಾಗಿಲ್ಲ.

ಅದೇ ಸಂಜೆ ಮೆಲ್ಲಗೆ ಮಾತು ತೆಗೆದೆ. "ಮಾವಾರ, ಕಣ್ಣಿನ ಡಾಕ್ಟರಿಗೆ ಒಮ್ಮೆ ತೋರಸೂನೇನ್ರಿ?"

ಅವರು ಕುದ್ದು ಹೋದರು. "ನನ್ನ ಕಣ್ಣಿಗೇನಾಗೇತಿ? ನಿನಗ ಹೊಳಪು ತರಾಕ ಬರೂದಿಲ್ಲ ಅಂದ್ರ ಹಂಗ ಹೇಳು. ನನ್ನ ಕಣ್ಣಿನ ಮ್ಯಾಲ ಹಾಕಬ್ಯಾಡ."

ನಾನು ಎಂದಿನಂತೆ ಒಳಗೆ ಹೋಗಿ ಪಾತ್ರೆ ಕುಕ್ಕಿದೆ. ಆದರೆ ಈ ಸಲ ಸಿಟ್ಟಿನ ಜೊತೆಗೆ ಭಯವಿತ್ತು, ಎರಡೂ ಒಟ್ಟಿಗೆ ಇದ್ದಾಗ ಪಾತ್ರೆ ಕುಕ್ಕಿದರೂ ಸಮಾಧಾನವಾಗುವುದಿಲ್ಲ.

ಶನಿವಾರ ಸಂಜೆ ನಮ್ಮ ಮನೆಯವರು ಬಂದರು. ಬಾನೆಟ್ಟು ತೋರಿಸಿ, ಆದದ್ದನ್ನೆಲ್ಲ ಹೇಳಿದೆ. ಅವರು ಬಹಳ ಹೊತ್ತು ಆ ಬೋಳು ಜಾಗ ನೋಡಿದರು. "ಅಪ್ಪನ ಕೈಯಾಗಿಂದ ಕೀಲಿ ಇಸಕೊಳ್ಳಾಕ ನನ್ನ ಕಡಿಂದ ಆಗೂದಿಲ್ಲ. ನೀನಽ ಹೇಳು. ನಿನ್ನ ಮಾತು ಕೇಳ್ತಾನ," ಎಂದರು. ನನ್ನ ಮಾತು ಕೇಳುತ್ತಾರಂತೆ! ನನ್ನ ರೊಟ್ಟಿಯನ್ನೇ ಒಪ್ಪದವರು! ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂದರೆ ಇಲಿಗಳೆಲ್ಲ ಸೊಸೆಯ ಕಡೆ ಕೈ ತೋರಿಸಿದವು. ಆ ರಾತ್ರಿ ಗಂಡನ ಜೊತೆ ಮಾತು ಬಿಟ್ಟೆ.

ಐತವಾರ ಬೆಳಿಗ್ಗೆ ಗಾಡಿಯನ್ನು ಮತ್ತೊಮ್ಮೆ ತೊಳೆದು ಒರೆಸಿದೆ. ಯಾಕೆ ಎಂದು ಕೇಳಬೇಡಿ, ಕೈಗೆ ಏನಾದರೂ ಕೆಲಸ ಬೇಕಿತ್ತು. ಆ ಕಲೆಯೊಂದು ಬಿಟ್ಟರೆ ಗಾಡಿ ಮದುವಣಗಿತ್ತಿಯ ಹಾಗೆ ನಿಂತಿತ್ತು. ಮಾವನವರು ಹೊರಬಂದರು. ಬಿಳಿ ಧೋತರ, ಕರೀ ಕೋಟು, ತಲೆಯ ಮೇಲೆ ಟೋಪಿ, ಹಣೆಯಲ್ಲಿ ಡೊಂಕು ವಿಭೂತಿ. ಕೈಯಲ್ಲಿ ಕೀಲಿ. 'ಬಂತು' ಎಂದು ಅನ್ನದಿದ್ದರೂ ಮೇಳ ತಪ್ಪಿಸಿಕೊಳ್ಳುವ ಮನಸ್ಸು ಅವರಿಗಿರಲಿಲ್ಲ. ಇಷ್ಟು ಹುರುಪಿನಲ್ಲಿ ಅವರನ್ನು ನೋಡಿ ಎಷ್ಟೋ ದಿನವಾಗಿತ್ತು.

ಸ್ಟೇರಿಂಗಿನ ಕಡೆಯ ಬಾಗಿಲಿಗೆ ಅಡ್ಡ ಹೋಗಿ ನಿಂತೆ. ಏನು ಹೇಳಬೇಕೆಂದು ರಾತ್ರಿಯಿಡೀ ಜೋಡಿಸಿದ್ದೆ, ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಬೇರೆಯೇ.

"ಮಾವಾರ, ಗಾಡಿ ಇನ್ನೂ ಬಂದಿಲ್ರಿ."

ಅವರು ನಿಂತರು. "ಏನಂದಿ?"

"ಹೊಳಪು ಇನ್ನೂ ಬಂದಿಲ್ಲ. ಬರಲಾರದ ಮಾಲು ಗೇಟು ದಾಟಬಾರದು ಅಂತ ನೀವಽ ಅಂತೀರಲ್ರಿ."

"ಬಂದಿಲ್ಲ ಅಂತ ಹೇಳಾಕ ನೀ ಯಾರು?"

"ತಿಕ್ಕಿದಾಕಿ ನಾನಽ ಅಲ್ರಿ."

"ಎಲ್ಲೆ ಬಂದಿಲ್ಲ, ತೋರಸು."

ನಾನು ಅವರ ಕೈ ಹಿಡಿದು ಬಾನೆಟ್ಟಿನ ಕಡೆ ಕರೆದುಕೊಂಡು ಹೋದೆ. ಅಷ್ಟು ವರ್ಷದಲ್ಲಿ ಅವರ ಕೈ ಹಿಡಿದದ್ದು ಅದೇ ಮೊದಲು. ಅವರ ಬೆರಳನ್ನು ಆ ಬೋಳು ಜಾಗದ ಮೇಲೆ ಇಟ್ಟೆ. ಬೆರಳು ಬಣ್ಣ ಮುಗಿಯುವ ಅಂಚನ್ನು ಮುಟ್ಟಿ ಗಕ್ಕನೆ ನಿಂತಿತು. ಆಮೇಲೆ ಅದರ ಸುತ್ತ ನಿಧಾನವಾಗಿ ಒಂದು ಸುತ್ತು ಹೋಯಿತು.

"ಸುಟ್ಟೈತಿ," ಅಂದರು.

"ಹೂಂರಿ. ನಾನಽ ಸುಟ್ಟೀನಿ."

"ಯಾವಾಗ?"

"ಗುರುವಾರ."

"ಗುರುವಾರ ನಾ ನೋಡೀನಲ್ಲ."

ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯವರು ತಲೆ ತಗ್ಗಿಸಿದರು. ಮಾವನವರ ಬೆರಳು ಇನ್ನೂ ಅಲ್ಲೇ ಸುತ್ತುತ್ತಿತ್ತು. ನಾನು ಗುರುವಾರ ಕಾದಿದ್ದ ಬೈಗುಳ ಈಗಲಾದರೂ ಬರಲಿ ಎಂದು ದೇವರನ್ನು ಬೇಡಿಕೊಂಡೆ. ಬರಲಿಲ್ಲ. ಅವರು ಬೆನ್ನು ನೆಟ್ಟಗೆ ಮಾಡಿದರು, ನನ್ನ ಕೈ ಎಲ್ಲಿದೆ ಎಂದು ಹುಡುಕಿ, ಕೀಲಿಯನ್ನು ಅಂಗೈಯಲ್ಲಿ ಇಟ್ಟರು.

"ಮೇಳಕ್ಕ ಬ್ಯಾಡ. ಕೋಟು, ಅರಬಿ ಹಾಕ್ಕೊಂಡ ಆಗೇತಿ, ಬಾಗಲಕೋಟಿಗಂತೂ ಹೋಗೂನು. ಕಣ್ಣಿನ ದವಾಖಾನಿ ಐತಾರ ತಗದಿರತಾವೇನು?"

"ಮಧ್ಯಾಹ್ನದ ತನಕ ತಗದಿರತಾವ ಅಪ್ಪಾ," ಎಂದರು ಮಗ. ಆ ಬೆಳಿಗ್ಗೆ ಅವರು ಆಡಿದ ಒಂದೇ ಉಪಯೋಗದ ಮಾತು ಅದು.

ಮಾವನವರು ಎಡಗಡೆಯ ಬಾಗಿಲಿಗೆ ಹೋದರು. ಹಿಡಿಕೆ ಎಳೆದರು, ತೆಗೆಯಲಿಲ್ಲ. ಜೋರಾಗಿ ಎಳೆದರು. ಆ ಹಿಡಿಕೆಯನ್ನು ಸ್ವಲ್ಪ ಮೇಲಕ್ಕೆ ಎತ್ತಿ ಎಳೆಯಬೇಕು, ಇಲ್ಲದಿದ್ದರೆ ತೆಗೆಯುವುದಿಲ್ಲ. ಆ ಕಡೆ ಕೂತು ಬಂದ ನಮಗೆಲ್ಲ ಅದು ಗೊತ್ತು. ಗಾಡಿಯ ಒಡೆಯನಿಗೆ ಗೊತ್ತಿರಲಿಲ್ಲ, ಅವರು ಎಂದೂ ಆ ಕಡೆ ಕೂತವರಲ್ಲ. ನಾನು ಹೋಗಿ ತೆಗೆದುಕೊಟ್ಟೆ.

ಡಾಕ್ಟರು ಆಮೇಲೆ ಹೇಳಿದ್ದು ಇಷ್ಟು: ಒಂದು ಕಣ್ಣಿನ ಪೊರೆ ತೆಗೆಯಬಹುದು, ಇನ್ನೊಂದು ಕಣ್ಣು ಹೋಗಿ ಬಹಳ ದಿನವಾಗಿದೆ. ಪೊರೆ ತೆಗೆದರು. ಈಗ ಪೇಪರು ಓದುತ್ತಾರೆ, ನನ್ನ ರೊಟ್ಟಿಯ ಅಂಚು ಸೀಳಿದ್ದೂ ಕಾಣುತ್ತದೆ. ಕೀಲಿಯನ್ನು ಮಾತ್ರ ಮತ್ತೆ ಕೇಳಲಿಲ್ಲ. ಆದರೆ ನನಗೆ ಆ ದಿನವೆಂದರೆ ನೆನಪಾಗುವುದು ದವಾಖಾನೆಯಲ್ಲ, ದಾರಿ.

ಇಳಕಲ್ ದಾಟುವ ತನಕ ಅವರು ನನ್ನ ತಲೆ ತಿಂದರು. ಸಪ್ಪಳ ಕೇಳಿಯೇ, 'ಮೂರನೇದು ಹಾಕು', 'ಕ್ಲಚ್ಚಿನ ಮ್ಯಾಲ ಕಾಲು ಇಡಬ್ಯಾಡ' ಎಂದು ಹೇಳುತ್ತಲೇ ಇದ್ದರು. ಹಿಂದಿನ ಸೀಟಿನಲ್ಲಿ ನಮ್ಮ ಮನೆಯವರು ಕಿಡಕಿಯ ಹೊರಗೆ ಏನೋ ಭಾರಿ ಮುಖ್ಯವಾದದ್ದು ಇರುವಂತೆ ನೋಡುತ್ತಿದ್ದರು. ನಾನು ಸ್ಟೇರಿಂಗನ್ನು ಕಚ್ಚಿ ಹಿಡಿದು, 'ಹೂಂರಿ, ಹೂಂರಿ' ಅನ್ನುತ್ತಿದ್ದೆ. ಹುನಗುಂದ ಹತ್ತಿರವಾದಾಗ ಕುರಿ ಹಿಂಡೊಂದು ರಸ್ತೆಗೆ ಇಳಿಯಿತು. ಗಾಡಿ ನಿಲ್ಲಿಸಿದೆ.

"ಯಾಕ ನಿಂದ್ರಸಿದಿ?"

"ಕುರಿ ಬಂದಾವ್ರಿ."

ಅವರು ಕಿಡಕಿಯ ಗಾಜು ಇಳಿಸಿ ಕುರಿಗಳ ಸದ್ದಿಗೆ ಕಿವಿಗೊಟ್ಟರು. ಆಮೇಲೆ ಕೇಳಿದರು:

"ಬಾನೆಟ್ಟಿನ್ಯಾಗ ಏನು ಕಾಣ್ತೈತಿ ತಂಗಿ?"

ಪರೀಕ್ಷೆ ಮಾಡುತ್ತಿದ್ದಾರೆ ಎಂದು ಮೊದಲು ಮೈ ಉರಿಯಿತು. ಅವರ ಮುಖ ನೋಡಿದೆ. ಪರೀಕ್ಷೆಯಲ್ಲ. ಗೊತ್ತಿಲ್ಲದ್ದನ್ನು ಕೇಳುವವರ ಮುಖ ನಾನು ಸಾಲೆಯಲ್ಲಿ ದಿನಾ ನೋಡುತ್ತೇನೆ.

"ಕುರಿ ಕಾಯಾಂವ ಕಾಣ್ತಾನ್ರಿ. ಅವನ ರುಮಾಲು ಕಾಣ್ತೈತಿ. ಹೆಗಲ ಮ್ಯಾಲ ಕೋಲು ಇಟ್ಕೊಂಡಾನ, ಅದೂ ಕಾಣ್ತೈತಿ."

"ಕೋಲಿನ ಅಂಚು?"

"ಗೆರಿ ಎಳದಂಗ ಐತ್ರಿ ಮಾವಾರ."

"ಮಸುಕು ಇಲ್ಲಲ್ಲ?"

"ಇಲ್ರಿ. ಮಸುಕು ಇಲ್ಲ."

ಅವರು ಟೋಪಿ ಸರಿಮಾಡಿಕೊಂಡು ಮುಂದಕ್ಕೆ ನೋಡಿದರು.

"ಹಂಗಾರ ಬಂತು," ಅಂದರು.

ಎಷ್ಟೋ ವರ್ಷದಿಂದ ಆ ಮಾತಿಗೆ ಕಾದವಳು ನಾನು. ಅದು ಬಂದಾಗ ನನಗೆ ಬೇಡವಾಗಿತ್ತು. ತಾವೇ ಬಗ್ಗಿ ನೋಡಿ 'ಇನ್ನೂ ಬಂದಿಲ್ಲ, ಇನ್ನೊಂದು ಕೈ ಹೊಡಿ' ಎಂದು ಬೈದಿದ್ದರೆ ಅಲ್ಲೇ ರಸ್ತೆಯ ಮೇಲೆ ಇಳಿದು ಸೆರಗಿನಿಂದ ತಿಕ್ಕುತ್ತಿದ್ದೆ. ಕುರಿ ದಾಟಿ ಹೋದವು. ಹಿಂದಿನ ಲಾರಿಯವನು ಹಾರ್ನ್ ಹೊಡೆಯುತ್ತಲೇ ಇದ್ದ. ನಾನು ಕಣ್ಣು ಒರೆಸಿಕೊಂಡು ಮೊದಲನೇ ಗೇರು ಹಾಕಿದೆ.